ಉಪವಾಸ ಬಿಟ್ಟ ಹೊತ್ತಿನ ಬಿರುಕು

ಹೆದ್ದಾರಿ ಬಿಡಾರ, ಸೋಹಾಗ್
ಶುಕ್ರವಾರ, ಜನವರಿ ೧೯

ಪ್ರೀತಿಯ ಬದ್ರಾನ್‌ಗೆ ನಿನ್ನ ಚಿಕ್ಕಪ್ಪ ಹರೀದಿಯ ಸಲಾಮು.

ಕೈರೋದಿಂದ ಅಸ್ವಾನಿನವರೆಗೆ ಕಾಂಕ್ರೀಟ್ ಹೆದ್ದಾರಿ ಹಾಕಿದವನು ನಾನೊಬ್ಬನೇ, ಅದೂ ಎಡಗೈಯಲ್ಲಿ, ಎನ್ನುವುದು ನಿನಗೆ ಗೊತ್ತೇ ಇದೆ. ಅಂಥವನಿಗೆ ಪತ್ರ ಬರೆಯಲು ಪುರುಸೊತ್ತೆಲ್ಲಿ? ಈದ್ ಕಳೆದ ಮೇಲೆ ಒಂದು ಸಾಲೂ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ನಾಲಗೆ ಜಂಬಕ್ಕೆ ತಿರುಗಿಬಿಡುತ್ತದೆ.

ನಿನ್ನ ಚಿಕ್ಕಮ್ಮನ ಮಂಡಿನೋವು ಇಳಿದಿದೆ, ಬಾಯಿ ಇಳಿದಿಲ್ಲ. ನಿನ್ನ ಟ್ರೇಲರ್ ಸೋಮವಾರ ಗ್ಯಾರೇಜಿನಿಂದ ಹೊರಬೀಳುತ್ತದಂತೆ. ಮತ್ತೆ ಮಿನ್ಯಾದ ಕಲ್ಲು ಹೇರಿಕೊಂಡು ಇದೇ ದಾರಿಯಲ್ಲಿ ಬರುತ್ತೀಯಲ್ಲ, ಅದಕ್ಕೇ ಈ ಪತ್ರ.

ಪೆಟ್ರೋಲ್ ಬಂಕಿನ ಆಚೆಯ ಲಾರಿ ರಸ್ತೆ ನನ್ನ ಪಾಲಿನದು. ಹಳೆಯ ಡಾಂಬರು ಕೆರೆದು ತೆಗೆದು, ಮರಳು ಹರಡಿ, ಅದರ ಮೇಲೆ ಕಾಂಕ್ರೀಟ್ ಹಾಸಿದೆವು. ಐದು ವರ್ಷದ ಗ್ಯಾರಂಟಿ. ಅಷ್ಟರೊಳಗೆ ಬಿರುಕು ಬಿಟ್ಟರೆ ನಾವೇ ಒಡೆದು ಮತ್ತೆ ಹಾಕಬೇಕು. ಬಿರುಕು ಮುಚ್ಚಿಟ್ಟದ್ದು ತಿಳಿದರೆ ಕಂಪನಿಯಲ್ಲಿಟ್ಟ ಠೇವಣಿ ಪೂರ್ತಿ ಹೋಗುತ್ತದೆ.

ಕಾಂಕ್ರೀಟ್ ಒಣಗುತ್ತ ಕುಗ್ಗುತ್ತದೆ, ಹೇಗಿದ್ದರೂ ಬಿರಿಯುತ್ತದೆ. ಅದಕ್ಕೇ ಕೊಂಚ ಗಟ್ಟಿಯಾದೊಡನೆ ಗರಗಸದಿಂದ ಅಡ್ಡಗೆರೆ ಕೊಯ್ದು ಬಿರುಕಿಗೆ ದಾರಿ ತೋರಿಸಬೇಕು. ತಡಮಾಡಿದರೆ ಅದು ತನಗೆ ತೋಚಿದ ಕಡೆ ಸೀಳಿಕೊಳ್ಳುತ್ತದೆ. ಹೋದ ರಂಜಾನಿನಲ್ಲಿ ಒಂದು ದಿನ ಗೆರೆ ಕೊಯ್ಯುವ ಹೊತ್ತು ಬಂತು, ಅದೇ ಹೊತ್ತಿಗೆ ಸೂರ್ಯ ಮುಳುಗಿ ಮಗ್ರಿಬ್ ಬಾಂಗೂ ಆಯಿತು. ನಾನೋ ದಾರಿಹೋಕರಿಗೆಲ್ಲ ರಸ್ತೆ ಬದಿಯಲ್ಲೇ ಇಫ್ತಾರಿನ ಮೇಜು ಹಾಕಿಸಿದ್ದೆ. ಕಂಪನಿಯ ಎಂಜಿನಿಯರ್ ನೆಸೀಮ್, ಚರ್ಚಿಗೆ ಹೋಗುವವನು, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಗರಗಸದ ಜಾದ್ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಎದ್ದ.

"ಮೇಸ್ತ್ರಿ, ಗೆರೆ ಹೊಡ್ಕೊಂಡು ಬಂದು ಉಣ್ತೀನಿ."

"ಕೂತ್ಕೊಳ್ಳೋ! ಹರೀದಿ ಹಾಕಿದ ಮೇಜಿಂದ ಒಬ್ಬ ಹಸ್ಕೊಂಡೇ ಎದ್ದುಹೋದ ಅಂತ ಸೋಹಾಗ್ ತುಂಬಾ ಆಡ್ಕೋಬೇಕಾ?"

"ಗಾಳಿ ತಣ್ಣಗಾಯ್ತಿದೆ ಮೇಸ್ತ್ರಿ, ಬಿರಿದುಬಿಡ್ತದೆ."

"ಸಾರೂ ತಣ್ಣಗಾಯ್ತಿದೆ. ಉಣ್ಣು."

ಉಂಡೆವು. ಚಹಾ ಕುಡಿದೆವು. ನಾನು ಒಂದು ಕಥೆ ಹೇಳಿದೆ, ಎಲ್ಲರೂ ನಕ್ಕರು, ಇನ್ನೊಂದು ಹೇಳಿದೆ. ನಗುವಿನ ನಡುವೆ ರಸ್ತೆಯ ಕಡೆಯಿಂದ ಎಲುಬು ಮುರಿದಂಥ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ ಓರೆಯಾಗಿ, ಅಂಚಿನಿಂದ ಅಂಚಿಗೆ ಕೂದಲೆಳೆಯಷ್ಟು ಬಿರುಕು. ನೆಸೀಮ್ ಕೈ ತೊಳೆದು ಬರುವಷ್ಟರಲ್ಲಿ ಸಿಮೆಂಟಿನ ತಿಳಿ ಬಳಿದು, ಮೇಲೆ ಒದ್ದೆ ಗೋಣಿ ಹೊದಿಸಿದ್ದೆ. ಉಂಡ ಮನೆಯ ಗೋಣಿ ಎತ್ತಿ ನೋಡಲು ಅವನಿಗೆ ಸಂಕೋಚವಾಯಿತೇನೋ, ಕೆಲಸ ಸರಿಯಿದೆಯೆಂದು ಸಹಿ ಹಾಕಿದ.

ಶರತ್ಕಾಲದ ಮಳೆಯಲ್ಲಿ ಅದರೊಳಗೆ ನೀರು ಇಳಿದು ಅಡಿಯ ಮರಳು ತೊಳೆದುಹೋಯಿತು. ಈಗ ಆ ಚಪ್ಪಡಿ ತೂಗುತ್ತದೆ. ಲಾರಿಯ ಮುಂದಿನ ಗಾಲಿ ಒಂದು ಅಂಚನ್ನು ತುಳಿದರೆ ಇನ್ನೊಂದು ಅಂಚು ಎದ್ದು ಹಿಂದಿನ ಗಾಲಿಗೆ ಗುದ್ದುತ್ತದೆ. ಚಹಾದಂಗಡಿಯಲ್ಲಿ ಕೂತರೆ ಪ್ರತಿ ಸಲವೂ ಕೇಳಿಸುತ್ತದೆ. ಚಹಾದವನಿಗೆ ಅದೊಂದು ತಮಾಷೆ: "ನಿನ್ನ ರಸ್ತೆ ತೊಟ್ಟಿಲಾಗಿದೆ ಹರೀದಿ ಮಾಮ, ಯಾರನ್ನ ಮಲಗಿಸ್ತದೋ!" ಮೊನ್ನೆ ಕಿತ್ತಳೆ ಲಾರಿಯೊಂದು ಅಲ್ಲೇ ಟೈರು ಸಿಡಿದು ಮಗುಚಿತು. ಡ್ರೈವರ್ ಬದುಕಿದ. ಜನ ಕಿತ್ತಳೆ ಆಯ್ದುಕೊಂಡರು. ನಾನೂ ಆಯ್ದೆ, ಸುಮ್ಮನೆ ನಿಂತರೆ ಯಾರಾದರೂ ನನ್ನ ಮುಖ ನೋಡಿಯಾರೆಂದು.

ಅದು ಕಿತ್ತಳೆ. ನಿನ್ನದು ಕಲ್ಲು. ಬಂಕು ದಾಟಿದ ಕೂಡಲೇ ಕಾರುಗಳ ಸಾಲಿಗೆ ಸರಿದುಕೋ. ಯಾರಿಗೂ ಏನೂ ಹೇಳಬೇಡ. ಪತ್ರವನ್ನು ಜಾದ್ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ ಚಕ್ರಗಳು ನೆಟ್ಟಗೆ ಉರುಳಲಿ, ಹೋದ ದಾರಿಯೇ ನಿನ್ನನ್ನು ಮನೆಗೆ ತರಲಿ. ದೇವರ ಕಣ್ಣು ನಿನ್ನ ಮೇಲಿರಲಿ.

ನಿನ್ನ ಚಿಕ್ಕಪ್ಪ,
ಹರೀದಿ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಏನು ಬರೆದೆನೆಂದು ಹೇಳಿದ್ದಕ್ಕೆ ಜಾದ್ ಕೇಳಿದ: "ಕಾರಿನ ಸಾಲಿಗಾ? ನಡುವೆ ಉದ್ದಕ್ಕೂ ಗೋಡೆ ಕಟ್ಟಿದ್ದು ನಾವೇ ಅಲ್ವಾ ಮೇಸ್ತ್ರಿ? ಬದ್ರಾನ್ ಕಲ್ಲು ಹೊತ್ಕೊಂಡು ಹಾರ್ತಾನಾ?"

ನೆಟ್ಟಗೆ ನೆಸೀಮ್ ಹತ್ತಿರ ಹೋಗಿ ಎಲ್ಲ ಹೇಳಿದೆ. "ನಿನ್ನ ಉಪ್ಪು ತಿಂದು ಸಹಿ ಹಾಕಿದ್ನಲ್ಲ ಹರೀದಿ" ಎಂದ, ಅಷ್ಟೇ. ನಾಳೆ ಬೆಳಿಗ್ಗೆ ಲಾರಿಗಳನ್ನು ಬಂಕಿನ ಹತ್ತಿರವೇ ಬೇರೆ ದಾರಿಗೆ ತಿರುಗಿಸಿ ಆ ತುಂಡನ್ನು ಒಡೆಯುತ್ತಾರೆ. ನೀನು ಬರಬಹುದು.

ಠೇವಣಿ ಹೋಯಿತು. ನಿನ್ನ ಚಿಕ್ಕಮ್ಮನಿಗೆ ಇಪ್ಪತ್ತು ಸಾವಿರ ಎಂದಿದ್ದೇನೆ. ಅಷ್ಟಕ್ಕೇ ಎರಡು ದಿನ ಮಾತು ಬಿಟ್ಟಾಳು. ಹೋದದ್ದು ಮೂರು ಲಕ್ಷ ನಲವತ್ತು ಸಾವಿರ ಪೌಂಡು. ನಲವತ್ತು ಸಾವಿರ ನನ್ನದು. ಮೂರು ಲಕ್ಷ, ಮದುವೆಗೆ ಮುಂಚೆ ಮನೆ ಕೊಳ್ಳಲೆಂದು ನೀನು ನನ್ನ ಕೈಯಲ್ಲಿಟ್ಟದ್ದು.