ಕಾಲಿನ ಸ್ವಿಚ್ಚು ಕೈಗೆ ಬಂದದ್ದು

ಮಾರ್ಚ್ ೧೧, ಮಂಗಳವಾರ
ಶೆಡ್ಡಿನಿಂದ

ಮುದ್ದಿನ ಮಗಳೇ,

ಇಲ್ಲಿ ನಾನು, ನಿನ್ನ ಚಿಕ್ಕಮ್ಮ, ನಮ್ಮ ಗಾಡಿ, ಮೂವರೂ ಕ್ಷೇಮ. ಮೂವರಲ್ಲಿ ಗೊಣಗದೆ ಇರುವುದು ಗಾಡಿಯೊಂದೇ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಕೈತುಂಬ ಗ್ರೀಸು ಮೆತ್ತಿಕೊಂಡು ಬರೆಯಲು ಕೂತಿದ್ದರೆ, ಪತ್ರದ ತುಂಬ ನೀನು ನನ್ನ ಹೆಬ್ಬೆಟ್ಟನ್ನೇ ಓದಬೇಕಾಗುತ್ತಿತ್ತು.

“ಕಾಲು ಹೋದ ಮೇಲೆ ನನಗೆ ಆ ಗಾಡಿಯಿಂದ ಏನೂ ಆಗಬೇಕಾಗಿಲ್ಲ, ದಯವಿಟ್ಟು ಮಾರಿಬಿಡಿ” ಎಂದು ಬರೆದಿದ್ದೀಯ. ಉತ್ತರ ಒಂದೇ ಮಾತು: ಮಾರುವುದಿಲ್ಲ. ಬಸ್ಸಿನವನು ಬಂದು ಗುದ್ದಿ ನಿನ್ನ ಎಡಗಾಲು ತೆಗೆದುಕೊಂಡ. ಜೊತೆಗೆ ಗಾಡಿಯನ್ನೂ ಉಡುಗೊರೆ ಕೊಡಲು ನಾನೇನು ಅವನ ಮಾವನೇ? ಗುಜರಿಯಿಂದ ನಾವಿಬ್ಬರೂ ಎಳೆದು ತಂದು ಜೀವ ಕೊಟ್ಟದ್ದು, ಮರಳುದಿಬ್ಬ ಹತ್ತಿಸಿ ಊರಿನವರ ಬಾಯಿ ಮುಚ್ಚಿಸಿದ್ದು. ಅದು ಇಲ್ಲೇ ಇರುತ್ತದೆ. ನೀನು ಆ ಆಸ್ಪತ್ರೆಯಲ್ಲಿ ಹೊಸ ಕಾಲು ಕಟ್ಟಿಕೊಂಡು ನಡೆಯುವುದನ್ನು ಕಲಿ. ಇಲ್ಲಿ ನಾನು ಮಾಡಿರುವ ಘನಕಾರ್ಯವನ್ನು ಹೇಳುತ್ತೇನೆ, ಕೇಳು.

ನೀನು ಹೋದ ಮೇಲೆ ಗಾಡಿಯ ಕಡೆ ಯಾರೂ ತಿರುಗಿ ನೋಡದೆ, ಇಲಿಗಳು ಸಂಸಾರ ಹೂಡಿದ್ದವು. ಒಂದು ವೈರನ್ನೂ ಬಿಟ್ಟಿರಲಿಲ್ಲ, ಸಿಪ್ಪೆ ಸುಲಿದ ಹಾಗೆ ಸುಲಿದು ಹಾಕಿದ್ದವು. ಪೂರಾ ವೈರಿಂಗ್ ಕಿಟ್ಟೇ ಹೊಸದು ಬೇಕಾಯಿತು. ಶೆಡ್ಡಿನ ಮೂಲೆಯಲ್ಲಿ ಜೀಪಿನದೊಂದು ಕಿಟ್ ಬಿದ್ದಿತ್ತಲ್ಲ, ಅದನ್ನೇ ಜೋಡಿಸಿದೆ. ವೈರು ಎಳೆಯುವುದರಲ್ಲಿ ನನ್ನ ಸಮ ಈ ಸೀಮೆಯಲ್ಲಿ ಯಾರಿದ್ದಾರೆ ಹೇಳು? ಅರ್ತ್ ವೈರುಗಳನ್ನೆಲ್ಲ ಗಾಡಿಯ ಮೈಗೆ ಬೋಲ್ಟು ಹಾಕಿ ಬಿಗಿದು, ಮೀಸೆ ಒರೆಸಿಕೊಂಡು ಸ್ವಿಚ್ಚು ಒತ್ತಿದೆ. ಲೈಟಿಲ್ಲ. ಹಾರ್ನು ಒತ್ತಿದೆ. ಗಾಡಿ ಕಮಕ್ ಕಿಮಕ್ ಎನ್ನಲಿಲ್ಲ.

“ಏನ್ರೀ, ನಿಮ್ಮ ಭಾಷಣ ಕೇಳಿ ಬ್ಯಾಟರಿಗೂ ನಿದ್ದೆ ಬಂತಾ?” ಎಂದಳು ನಿನ್ನ ಚಿಕ್ಕಮ್ಮ.

ಆಟೋ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅದೇ, ಕಿವಿಯ ಮೇಲೆ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುವವನು. ಗಾಡಿಯ ಮೈಯನ್ನು ಬೆರಳಿಂದ ತಟ್ಟಿದ, ಬೋಲ್ಟು ನೋಡಿದ, ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲದ ಮೇಲೇ ಕೂತ.

“ಅಣ್ಣೋ, ಜೀಪಂದ್ರೆ ತಗಡು. ಕರೆಂಟು ತಗಡಿನ ಮೇಲೇ ನಡ್ಕೊಂಡು ಬ್ಯಾಟರಿಗೆ ವಾಪಸ್ ಹೋಗತ್ತೆ. ಇದು ಫೈಬರ್ ಬಾಡಿ, ಇದ್ರಲ್ಲಿ ದಾರಿ ಎಲ್ಲಿದೆ? ಒಂದೊಂದು ಲೈಟಿಗೂ ವಾಪಸ್ ಬರೋ ವೈರು ಬೇರೆ ಇರಬೇಕು. ನೀನು ಪ್ಲಾಸ್ಟಿಕ್ ಬಕೆಟ್ಟಿಗೆ ಅರ್ತ್ ಕೊಟ್ಟಿದೀಯಲ್ಲ!”

“ಗೊತ್ತಪ್ಪ, ನಿನಗೆ ಗೊತ್ತಾ ಅಂತ ಪರೀಕ್ಷೆ ಮಾಡಿದೆ” ಎಂದೆ.

ನಿನ್ನೊಬ್ಬಳಿಗೇ ಹೇಳುತ್ತಿದ್ದೇನೆ. ಗಾಡಿ ತಂದ ದಿನವೇ ನೀನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಇದು ತಗಡಲ್ಲ, ನೆನಪಿರಲಿ!’ ಎಂದು ಬರೆದಿದ್ದೆಯಲ್ಲ, ಅದರ ಮೇಲೆ ನಾನು ದಿನಾ ಅಂಗಿ ನೇತುಹಾಕುತ್ತಿದ್ದೆ. ಶಾಲೆಯಲ್ಲೂ ಹಾಗೆಯೇ. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಬೋರ್ಡಿನ ಹಿಂದಿದ್ದ ಹಲ್ಲಿಯೇ ನನಗೆ ಹೆಚ್ಚು ಪರಿಚಯ.

ಸರಿ, ಬಿಡಿಭಾಗದ ಅಂಗಡಿಗೆ ಹೊರಟೆ. ನಿಮ್ಮಪ್ಪನೂ ಬೆನ್ನಿಗೆ ಬಿದ್ದ. ಅವನು ಆಗಲೇ ಒಬ್ಬ ಗಿರಾಕಿಯನ್ನು ಗೊತ್ತುಮಾಡಿದ್ದ. ಗಾಡಿ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು ಎಂಬುದು ಆ ಗಿರಾಕಿಯ ಹಟವಂತೆ.

ಅಂಗಡಿಯವನು ಎರಡು ಕಿಟ್ ಮುಂದಿಟ್ಟ. ಎರಡೂ ಫೈಬರ್ ಗಾಡಿಗೇ ಆದವು, ಎರಡರಲ್ಲೂ ವಾಪಸ್ ವೈರು ಇತ್ತು. ಮೊದಲನೆಯದು ನಮ್ಮ ಗಾಡಿಯ ಅಳತೆಗೇ ಕತ್ತರಿಸಿದ್ದು, ಮಧ್ಯಾಹ್ನ ಕೂತರೆ ಸಂಜೆಗೆ ಕೆಲಸ ಮುಗಿಯುತ್ತದೆ. ಆದರೆ ಅದರ ಡಿಪ್ಪರ್ ಸ್ವಿಚ್ಚು ಮೊದಲಿದ್ದ ಜಾಗದಲ್ಲೇ, ನೆಲದ ಮೇಲೆ, ಕ್ಲಚ್ಚಿನ ಪಕ್ಕ. ಎದುರಿಗೆ ಗಾಡಿ ಬಂದರೆ ಎಡಗಾಲಲ್ಲಿ ತುಳಿದು ಲೈಟು ತಗ್ಗಿಸಬೇಕು. ಎರಡನೆಯದರಲ್ಲಿ ಅದು ಸ್ಟಿಯರಿಂಗಿನ ಪಕ್ಕದ ಕಡ್ಡಿಯಲ್ಲಿ, ಕೈಬೆರಳಿಗೆ ಸಿಗುವ ಹಾಗೆ. ಅದನ್ನು ಕೂರಿಸಲು ಡ್ಯಾಶ್‌ಬೋರ್ಡು ಕೊಯ್ಯಬೇಕು, ಸ್ಟಿಯರಿಂಗಿನ ಕಂಬವನ್ನೇ ಬದಲಿಸಬೇಕು.

“ಮೊದಲನೇದು ತಗೋ. ಭಾನುವಾರ ಗಿರಾಕಿ ಬರ್ತಾನೆ” ಎಂದ ನಿಮ್ಮಪ್ಪ.

ನಾನು ಅಂಗಡಿಯವನಿಗೆ, “ಎರಡನೇದು ಕಟ್ಟಪ್ಪ” ಎಂದೆ.

“ಲೋ, ನಿಂಗೆ ತಲೆ ನೆಟ್ಟಗಿದೆಯೇನೋ?”

“ನೆಟ್ಟಗಿದ್ದಿದ್ರೆ ನಿನ್ನ ತಮ್ಮನಾಗಿ ಯಾಕೆ ಹುಟ್ತಿದ್ದೆ?”

“ಹಾಗೆ ಕೊಯ್ದು ಹಾಕಿದ ಗಾಡೀನ ಯಾರು ಕೊಳ್ತಾರೋ?”

“ಯಾರೂ ಕೊಳ್ಳಬಾರದು ಅಂತಲೇ ಕೊಯ್ತಿರೋದು.”

“ಅವಳೇ ಬೇಡ ಅಂದಿದಾಳೆ. ಮಧ್ಯೆ ನಿಂದೇನು?”

“ಅವಳೆಲ್ಲಿ ಬೇಡ ಅಂದ್ಲು? ನೆಲದ ಮೇಲಿರೋ ಆ ಸ್ವಿಚ್ಚು ಅವಳ ಬಾಯಲ್ಲಿ ಹಾಗೆ ಅನ್ನಿಸ್ತಿದೆ. ಅದನ್ನೇ ಕಿತ್ತು ಹಾಕ್ತೀನಿ, ಆಮೇಲೆ ಏನಂತಾಳೋ ಕೇಳೋಣ.”

ನಿಮ್ಮಪ್ಪ ಗಲ್ಲಾಪೆಟ್ಟಿಗೆ ಹತ್ತಿರ ನಿಂತು ಮೂಗು ಒರೆಸಿಕೊಂಡ. ಹೊರಡುವಾಗ ಕಿಟ್ಟಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡದೆ ತಾನೇ ಹೆಗಲ ಮೇಲೆ ಹೊತ್ತುಕೊಂಡ.

ಈಗ ಕೇಳು. ಕೊಯ್ದದ್ದಾಯಿತು, ಕೂರಿಸಿದ್ದಾಯಿತು. ಪ್ರತಿಯೊಂದು ಲೈಟಿಗೂ ಹೋಗುವ ವೈರೊಂದು, ಮನೆಗೆ ವಾಪಸ್ ಬರುವ ವೈರೊಂದು. ನೆಲದ ಸ್ವಿಚ್ಚು ಕಿತ್ತ ತೂತಿಗೆ ನಿನ್ನ ಚಿಕ್ಕಮ್ಮ ಡಬ್ಬಿಯ ಮುಚ್ಚಳ ಹೊಡೆದು ಮುಚ್ಚಿದ್ದಾಳೆ. ಲೈಟು ಹಾಕಿದರೆ ಆ ಕಿವಿಮೇಲಿನ ಟೆಸ್ಟರಿನವನೇ ಕಣ್ಣಿಗೆ ಕೈ ಅಡ್ಡ ಹಿಡಿದ! ಗಿರಾಕಿ ಭಾನುವಾರ ಬಂದ, ಡ್ಯಾಶ್‌ಬೋರ್ಡು ನೋಡಿದ, ಮುಖ ಹುಳ್ಳಗೆ ಮಾಡಿಕೊಂಡು ಹೋದ. ಕ್ಲಚ್ಚಿಗೂ ಕೈಯಲ್ಲಿ ಹಿಡಿಯುವ ಲಿವರ್ ಒಂದನ್ನು ಲೇತ್‌ನವನು ಮಾಡಿಕೊಟ್ಟಿದ್ದಾನೆ. ನಾನು ಆ ಲಿವರ್ ಬಿಟ್ಟರೆ ಗಾಡಿ ಮೇಕೆಮರಿಯಂತೆ ಎಗರುತ್ತದೆ. ಅದು ಗಾಡಿಯ ತಪ್ಪು, ನನ್ನದಲ್ಲ. ಆದರೂ ಅದನ್ನು ಹದಕ್ಕೆ ತರಲು ನಿನ್ನ ಕೈಯೇ ಬೇಕು. ದಿಬ್ಬ ಎಲ್ಲಿಗೂ ಓಡಿಹೋಗಿಲ್ಲ. ಡ್ರೈವರ್ ಸೀಟಿನಲ್ಲಿ ಬೇರೆಯವರು ಕೂತರೆ ಮಾತ್ರ ನನ್ನ ಸ್ಪ್ಯಾನರ್ ಮಾತಾಡುತ್ತದೆ.

ಹೊಸ ಕಾಲು ನಿನ್ನ ಮಾತು ಕೇಳಲಿ. ಕೇಳದಿದ್ದರೆ ನಾಲ್ಕು ಬಯ್ದು ಬುದ್ಧಿ ಕಲಿಸು. ನೀನು ಕಾಲಿಟ್ಟ ಕಡೆಯೆಲ್ಲ ನೆಲ ಗಟ್ಟಿಯಾಗಿರಲಿ ಎಂದು ಹರಸುವ,

ನಿನ್ನ
ಬಡಾಯಿ ಚಿಕ್ಕಪ್ಪ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಮಾತು ಕಲಿತಾಗಿನಿಂದ ನೀನು ನನ್ನನ್ನು ‘ಬಡಾಯಿ’ ಎಂದೇ ಕರೆದವಳು. ನೆಂಟರ ಮುಂದೆ, ನಿಮ್ಮಪ್ಪ ಕಣ್ಣು ಬಿಟ್ಟರೂ ಬಿಡದೆ. ಆಪರೇಷನ್ ಆಗಿ ಎಚ್ಚರವಾದಾಗಲೂ “ಬಡಾಯಿ ಎಲ್ಲಿ?” ಎಂದು ಕೇಳಿದೆಯಂತೆ. ನಿನ್ನ ಆ ಪತ್ರದ ತಲೆಗೆ ಮಾತ್ರ ‘ಪೂಜ್ಯ ಚಿಕ್ಕಪ್ಪನವರಿಗೆ’ ಎಂದು ಬರೆದಿದ್ದೀಯ. ನಿನ್ನ ಕಾಲು ಹೋಯಿತೆಂದಾಗ ಅಳದೆ ನಿಂತಿದ್ದವನು, ಆ ‘ಪೂಜ್ಯ’ ಓದಿ ಶೆಡ್ಡಿನ ಬಾಗಿಲು ಹಾಕಿಕೊಂಡೆ. ಇಷ್ಟುದ್ದ ಜಂಬ ಕೊಚ್ಚಿದ್ದು ಯಾಕೆ ಅಂದುಕೊಂಡೆ? ಒಂದು ಸಾಲು ಬಯ್ದು ಬರೆ, ಮಗಳೇ. ಬಕೆಟ್ಟಿಗೆ ಅರ್ತ್ ಕೊಟ್ಟ ಬಡಾಯಿ ಅಂತಲಾದರೂ ಬರೆ.