ಕೊನೆಯ ಒಂಟಿ ಪೆಟ್ಟು

ರಾಯಚೂರು
ಸೋಮವಾರ, 8-2-1982

ಯಪ್ಪಾ,

ಗೋಪಮ್ಮನ ನಮಸ್ಕಾರ. ಈ ಪತ್ರವನ್ನು ಶಾಲೆಯ ಮಾಸ್ತರರಿಂದ ಓದಿಸು, ಗೌಡರ ಕಟ್ಟೆಯ ಮೇಲೆ ಬೇಡ.

ನಿನ್ನೆ ಇಲ್ಲಿ ಸಂಗೀತ ಉತ್ಸವವಿತ್ತು. ನಮ್ಮ ನರ್ಸಿಂಗ್ ಹಾಸ್ಟೆಲಿನವರೆಲ್ಲ ಹೋಗಿದ್ದೆವು. ದೊಡ್ಡ ಹಾಡುಗಾರರು ಬರುವ ತನಕ ಸುತ್ತಲಿನ ಊರುಗಳ ಬ್ಯಾಂಡಿನವರಿಗೆ ಬಾರಿಸಲು ಬಿಟ್ಟಿದ್ದರು. ಇಷ್ಟು ಚಂದ ಬಾರಿಸುವವರು ನಮ್ಮ ಕಡೆಯೇ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಮೂರನೆಯದು ಮಾನ್ವಿಯ ಬ್ಯಾಂಡು. ಹಾಡು ಮುಗಿದು ಎಲ್ಲರೂ ನಿಲ್ಲಿಸಿದ ಮೇಲೆ ಡ್ರಮ್ಮಿನವನು ಒಂದು ಪೆಟ್ಟು ಹೆಚ್ಚಿಗೆ ಹಾಕಿದ. ಡಂಗುರ ಸಾರಿದ ಕೊನೆಗೆ ನೀನು ಹಲಗೆಯ ಮೇಲೆ ಹಾಕುತ್ತೀಯಲ್ಲ, ಅದೇ ಒಂಟಿ ಪೆಟ್ಟು. ಎದ್ದು ನಿಂತು ನೋಡಿದೆ. ಕೆಂಪು ಕೋಟು, ಜರಿ ಟೋಪಿ. ನಮ್ಮ ಹುಸೇನಪ್ಪಣ್ಣ!

ಬದುಕಿದ್ದಾನೆ ಯಪ್ಪಾ, ಮೈಕೈ ತುಂಬಿಕೊಂಡಿದ್ದಾನೆ. ಗೌಡರ ಮನೆ ಮುಂದೆ ಬಾರಿಸುವುದಿಲ್ಲವೆಂದು ನಿನ್ನ ಹಲಗೆ ಹರಿದು ಮನೆ ಬಿಟ್ಟು ಹೋದವನು ಈ ಎರಡು ವರ್ಷ ಮಾನ್ವಿಯಲ್ಲೇ ಇದ್ದನಂತೆ. ಆ ಪೆಟ್ಟಿನ ಬಗ್ಗೆ ಕೇಳಿದೆ. “ನಮ್ಮ ಬ್ಯಾಂಡಿನ ದಸ್ತಗೀರ್ ಸಾಹೇಬ್ರು ದಿನಾ ಬೈತಾರ. ಏನ್ ಮಾಡ್ಲಿ, ಕೈ ಯಪ್ಪಂದು ಅದ” ಎಂದು ನಕ್ಕ. ಆಮೇಲೆ ತಲೆ ತಗ್ಗಿಸಿ, “ಯಪ್ಪ ಇನ್ನೂ ಸಿಟ್ಟಿನ್ಯಾಗ ಅದಾನೇನು?” ಅಂದ. ಇಲ್ಲವೆಂದು ನಾನೇ ಹೇಳಿಬಿಟ್ಟಿದ್ದೇನೆ. ನನ್ನನ್ನು ಸುಳ್ಳುಗಾತಿ ಮಾಡಬೇಡ.

ಅವ್ವನಿಗೆ ಒಂದು ಮಾತು ಹೇಳು. ಅಣ್ಣ ಬಂದಾನೆಂದು ದಿನಾ ಹೋಗಿ ದೇವದುರ್ಗದ ಬಸ್ಸಿಗೆ ಕಾಯುವುದು ಇನ್ನು ಬೇಡ. ಬರುವ ಭಾನುವಾರ ಒಂದು ದಿನ ಕಾದರೆ ಸಾಕು.

ಇತಿ,
ಗೋಪಮ್ಮ