ಸೋಮವಾರ ಬೀಳಲಿರುವ ಮರ

ನವೆಂಬರ್ 9, ಶನಿವಾರ

ನಾಳೆ ರಾಷ್ಟ್ರಾಧ್ಯಕ್ಷರ ಚುನಾವಣೆ. ಹಳೆಯ ಕಾಡು ಕಡಿಯುವುದನ್ನು ನಿಲ್ಲಿಸುತ್ತೇನೆ ಎಂದಿರುವ ಅಭ್ಯರ್ಥಿ ಒಬ್ಬಳೇ. ಆಕೆ ಗೆದ್ದರೆ ನನ್ನ ಗಂಡ ಒವಿಡ್ಯುವಿನ ದಿಮ್ಮಿ ಲಾರಿಯೂ ನಿಲ್ಲುತ್ತದೆ. ವಾರದಿಂದ ನಿದ್ದೆಯಿಲ್ಲ.

ಬೆಳಿಗ್ಗೆ ಅತ್ತೆ ಮೆಕ್ಕೆಜೋಳದ ಮುದ್ದೆ ಮಾಮಲಿಗಾ ತಿರುವುತ್ತಲೇ ಚುಚ್ಚಿದರು: "ಬ್ರಾಶೋವ್ ಪಟ್ಟಣದಲ್ಲಿ ಓದಿದವಳಲ್ವಾ, ಮರಕ್ಕೇ ಓಟು ಹಾಕಮ್ಮ. ಆಮೇಲೆ ಮಗೂಗೆ ಎಲೆ ಬೇಯಿಸಿ ಹಾಕು."

ಮಧ್ಯಾಹ್ನ ಒವಿಡ್ಯು, "ಓಟು ಹಾಕೋ ಮೊದಲು ಒಂದ್ಸಲ ನೋಡ್ಬಿಡು ಬಾ" ಎಂದು ನಮ್ಮನ್ನು ಕಾಡಿಗೆ ಕರೆದೊಯ್ದ. ಸೋಮವಾರ ಅವನ ಲಾರಿಗೇರಲಿರುವ ಬೀಚ್ ಮರ. ಬುಡದಲ್ಲಿ ಕಡಿಯಲು ಗುರುತಾಗಿ ಅರಣ್ಯ ಇಲಾಖೆಯವರು ಒತ್ತಿದ ಸುತ್ತಿಗೆಯ ಮುದ್ರೆ ಇನ್ನೂ ಹಸಿಯಾಗಿತ್ತು. ಇಬ್ಬರೂ ಸೇರಿ ತಬ್ಬಿದೆವು; ಬೆರಳಿಗೆ ಬೆರಳು ಸಿಗಲಿಲ್ಲ. ತುದಿ ಮಂಜಿನೊಳಗೆಲ್ಲೋ ಇತ್ತು. ಸದಾ ರಚ್ಚೆ ಹಿಡಿಯುವ ಮಗಳು ಮಿರೂನಾ ಕೂಡ ಬಾಯಿ ತೆರೆದು ಮೇಲೆ ನೋಡುತ್ತ ತೊಗಟೆಗೆ ಅಂಗೈ ಒತ್ತಿದಳು. ಅಲ್ಲಿ ಜೋರಾಗಿ ಉಸಿರಾಡಲೂ ನನಗೆ ಸಂಕೋಚವಾಯಿತು.

"ಎಷ್ಟು ವರ್ಷದ್ದು?" ಪಿಸುಗುಟ್ಟಿದೆ.

"ಯಾರಿಗ್ಗೊತ್ತು. ನಮ್ಮಜ್ಜನ ಅಜ್ಜಂಗೂ ಇದು ಹಳೇ ಮರಾನೇ." ಚರ್ಚಿನಲ್ಲಿ ಹಿಡಿಯುವಂತೆ ಟೊಪ್ಪಿಯನ್ನು ಕೈಯಲ್ಲಿ ಹಿಡಿದಿದ್ದ. "ಆಕೆಗೇ ಹಾಕು ಕಣೇ. ಲಾರಿಗೇನು, ಆಲೂಗಡ್ಡೆನೂ ಹೊರತ್ತೆ."

ಹಾಕುತ್ತೇನೆ. ಆದರೆ ಹೊಸ ಅಧ್ಯಕ್ಷರು ಬರುವುದು ಮುಂದಿನ ತಿಂಗಳು, ಸೋಮವಾರ ನಾಡಿದ್ದೇ. ಮಿರೂನಾಳ ಅಂಗೈಗೆ ಆ ತೊಗಟೆಯ ಪಾಚಿ ಹಸಿರಾಗಿ ಅಂಟಿದೆ. ತೊಳೆಯಲು ಮನಸ್ಸಾಗಲಿಲ್ಲ. ಆ ಪುಟ್ಟ ಕೈಯನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದೇನೆ.